ನನ್ನ ಗಾಡಿ, ನಸ್ರೀನಳ ಗಾಡಿ

ಐಷಾರಾಮಿ ಕಾರು ಮಾರುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗವಾಗುವಂಥದ್ದು ಏನಾದರೂ ಬರೆದುಕೊಡಿ ಎಂದು ನಮ್ಮ ಹಳೆಯ ಶೋರೂಮಿನವರು ಕೇಳಿದ್ದಾರೆ. ನಗುಮುಖ, ಶಿಸ್ತು, ಹೇಳಿದ ಹೊತ್ತಿಗೆ ಬರುವುದು, ಇವನ್ನೆಲ್ಲ ತರಬೇತಿಯಲ್ಲೇ ಹೇಳಿಕೊಡುತ್ತಾರೆ. ಅಲ್ಲಿ ಯಾರೂ ಬಾಯಿಬಿಡದ ಒಂದು ವಿಷಯವಿದೆ. ಈ ಕೆಲಸದಲ್ಲಿ ಹೊಟ್ಟೆಕಿಚ್ಚು ತಪ್ಪಿದ್ದಲ್ಲ. ಕೀಲಿಕೈ ಕೊಟ್ಟು ಕೈಬೀಸಿ ಕಳಿಸಿದ ಮೇಲೆ ಜಾಲಹಳ್ಳಿಯ ಬಸ್ಸಿಗೆ ನಿಂತುಕೊಳ್ಳುವಾಗ ಗಿರಾಕಿಯ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಪಕ್ಕದ ಮೇಜಿನವನಿಗೆ ಸುಲಭದ ಗಿರಾಕಿ ಸಿಕ್ಕಾಗ ಅವನ ಮೇಲೆ ಆಗುತ್ತದೆ. ನನ್ನ ಹೊಟ್ಟೆಕಿಚ್ಚು ಮಾತ್ರ ಬಹುಪಾಲು ಒಬ್ಬಳ ಮೇಲೆಯೇ ಖರ್ಚಾಯಿತು. ಅವಳ ಹೆಸರು ನಸ್ರೀನ್.

ನಾನು ಶ್ಯಾಮಲಾ, ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಅಪ್ಪನ ಸ್ನೇಹಿತರ ಹಳೆಯ ಕಾರಿನಲ್ಲಿ, ಕ್ವಾರ್ಟರ್ಸಿನ ಮೈದಾನ ಸುತ್ತಿ ಡ್ರೈವಿಂಗ್ ಕಲಿತೆ. ಯಶವಂತಪುರದಲ್ಲಿ ಸಾಮಾನ್ಯ ಕಾರುಗಳ ಒಂದು ಶೋರೂಮಿನವರು ಡ್ರೈವಿಂಗ್ ಬರುವ ಹೆಂಗಸರು ಬೇಕೆಂದು ಜಾಹೀರಾತು ಕೊಟ್ಟಿದ್ದರು. ಹೋದೆ. ಅದೇ ಬೆಳಿಗ್ಗೆ ಆರ್.ಟಿ. ನಗರದಿಂದ ನಸ್ರೀನ್ ಬಂದಿದ್ದಳು. ಮ್ಯಾನೇಜರ್ ರಾಜಗೋಪಾಲ್ ಸರ್ ನಮ್ಮ ಸರ್ಟಿಫಿಕೇಟುಗಳ ಕಡೆ ಕಣ್ಣೂ ಹಾಯಿಸದೆ, ಹಿತ್ತಲಲ್ಲಿ ಒತ್ತೊತ್ತಾಗಿ ನಿಂತಿದ್ದ ಸಾಲಿನಿಂದ ಒಂದು ಗಾಡಿಯನ್ನು ರಿವರ್ಸ್ ತೆಗೆಯಲು ಹೇಳಿದರು. ನಾನು ಹಿಂದೆ ಮುಂದೆ ಮಾಡಿ, ಇಳಿದು ನೋಡಿ, ಮತ್ತೆ ಹತ್ತಿ, ಬೆವರು ಸುರಿಸಿಕೊಂಡು ತೆಗೆದೆ. ನಸ್ರೀನ್ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೇ ಸಲಕ್ಕೆ ತೆಗೆದು, ಇನ್ನೂ ಯಾವುದಾದರೂ ತೆಗೆಯಬೇಕಾ ಎಂದು ಕೇಳಿದಳು. ಕೆಲಸ ಇಬ್ಬರಿಗೂ ಸಿಕ್ಕಿತು. ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಮಾತ್ರ ನನಗೊಬ್ಬಳಿಗೆ, ಹಾಗಂತ ಬಹಳ ಕಾಲ ಅಂದುಕೊಂಡಿದ್ದೆ.

ರಾಜಗೋಪಾಲ್ ಸರ್ ಮುಂಗೋಪಿ. ಸಿಟ್ಟು ಬಂದರೆ ಕೀಲಿಗೊಂಚಲು ಎಸೆಯುತ್ತಿದ್ದರು, ನಾವು ಬಗ್ಗಿ ತಪ್ಪಿಸಿಕೊಳ್ಳುತ್ತಿದ್ದೆವು. ಆದರೆ ಈ ಕಸುಬಿನಲ್ಲಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅವರಿಂದ ಬಂದದ್ದು. ಟೆಸ್ಟ್ ಡ್ರೈವಿಗೆ ದಾರಿಯನ್ನು ಆರಿಸುವುದು ಗಿರಾಕಿಯಲ್ಲ, ನಾವು ಎನ್ನುತ್ತಿದ್ದರು. ಗಾಡಿಯ ದೋಷ ಕಾಣದ ದಾರಿ ಯಾವುದೆಂದು ಮೊದಲೇ ಓಡಾಡಿ ನೋಡಿಟ್ಟುಕೊಳ್ಳಬೇಕು. ಟೈರಿನ ಗಾಳಿಯನ್ನು ಎರಡು ಮೂರು ಪಾಯಿಂಟ್ ಇಳಿಸಿದರೆ ಬಿಗಿ ಗಾಡಿ ಮೆತ್ತಗಾಗುತ್ತದೆ, ಏರಿಸಿದರೆ ಮೆತ್ತನೆಯ ಗಾಡಿ ಬಿಗಿಯಾಗುತ್ತದೆ ಎಂದು ಹಿತ್ತಲಲ್ಲಿ ಕಂಪ್ರೆಸರ್ ಪಕ್ಕ ನಿಲ್ಲಿಸಿ ತೋರಿಸಿಕೊಟ್ಟಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಹೇಳುತ್ತಿದ್ದದ್ದು ಒಂದೇ ಮಾತು: “ಗಾಡಿ ಮಾತಾಡ್ತಿರೋವಾಗ ನೀವ್ ಮಾತಾಡ್ಬೇಡಿ.” ನಸ್ರೀನ್ ಅದನ್ನು ಮೊದಲ ಸಲ ಕೇಳಿದಾಗಲೇ ಕಲಿತಳು. ನಾನು ನಿವೃತ್ತಿಯವರೆಗೂ ಕಲಿಯಲಿಲ್ಲ.

ಮುಂದೆ ಹೆಬ್ಬಾಳದ ಕಡೆ ವಿದೇಶಿ ಐಷಾರಾಮಿ ಕಾರುಗಳ ಶೋರೂಮುಗಳು ತೆರೆದವು. ನಾನು ಬಳ್ಳಾರಿ ರಸ್ತೆಯ ಈ ಬದಿಯದಕ್ಕೆ ಸೇರಿದೆ. ನಸ್ರೀನ್ ಆ ಬದಿಯದಕ್ಕೆ ಸೇರಿದಳು. ನಮ್ಮ ಗಾಜಿನ ಗೋಡೆಯಿಂದ ನೋಡಿದರೆ ಅವರ ಗಾಜಿನ ಗೋಡೆ ಕಾಣುತ್ತಿತ್ತು. ಅಲ್ಲಿ ಎಷ್ಟು ಹೊತ್ತಿಗೆ ಯಾರ ಗಾಡಿಗೆ ಹೂವಿನ ಹಾರ ಹಾಕುತ್ತಿದ್ದಾರೆ ಎಂಬುದು ನನಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಅದು ಗೊತ್ತಾಗದೆ ಇದ್ದಿದ್ದರೆ ಇನ್ನೂ ನಾಲ್ಕು ಕಾಲ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ನಾವಿಬ್ಬರೂ ಮಾರುತ್ತಿದ್ದದ್ದು ನಮ್ಮ ನಮ್ಮ ಕಂಪನಿಯ ಅತಿ ಕಡಿಮೆ ಬೆಲೆಯ ಸ್ಪೋರ್ಟ್ ಸೆಡಾನ್. ಕಡಿಮೆ ಎಂದರೆ ಆ ಅಂಗಡಿಯ ಲೆಕ್ಕದಲ್ಲಿ ಕಡಿಮೆ. ಅದನ್ನು ಕೊಳ್ಳಲು ಬರುವವನು ದೊಡ್ಡ ಶ್ರೀಮಂತನಲ್ಲ. ಸಾಮಾನ್ಯ ಕಾರಿನಿಂದ ಮೊದಲ ಸಲ ಮೇಲಕ್ಕೆ ಹತ್ತುತ್ತಿರುವವನು. ಅವನಿಗೆ ಎರಡು ಆಸೆ ಇರುತ್ತದೆ. ವಿಮಾನ ನಿಲ್ದಾಣದ ರಸ್ತೆಯಲ್ಲಿ ತುಳಿದರೆ ಗಾಡಿ ಚಿಮ್ಮಬೇಕು, ಹಿಂದೆ ಕೂತ ತಾಯಿಗೆ ಸೊಂಟ ನೋಯಬಾರದು. ಎರಡನ್ನೂ ಒಟ್ಟಿಗೆ ಕೊಡುವ ಗಾಡಿ ಆ ಬೆಲೆಗೆ ಇರಲಿಲ್ಲ. ನನ್ನ ಗಾಡಿ ಹಿಂದಿನ ಚಕ್ರದಿಂದ ತಳ್ಳಿಸಿಕೊಂಡು ಓಡುವಂಥದ್ದು. ನೆಲಕ್ಕೆ ಹತ್ತಿರ, ಬಿಗಿ, ಸ್ಟೀರಿಂಗ್ ಬೆರಳಿನ ಮಾತು ಕೇಳುತ್ತಿತ್ತು. ಹಿಂದಿನ ಸೀಟಿನ ನಡುವೆ ಮಾತ್ರ ಒಂದು ದಿಬ್ಬ, ಮೂರನೆಯವರು ಕಾಲು ಎಲ್ಲಿಡಬೇಕೆಂದು ಹುಡುಕಬೇಕು. ನಸ್ರೀನಳ ಗಾಡಿ ಮುಂದಿನ ಚಕ್ರದ್ದು. ಮೆತ್ತನೆಯ ಸೀಟು, ಒಳಗೆಲ್ಲ ಬಣ್ಣ ಬದಲಿಸುವ ದೀಪ, ಹಳ್ಳ ದಿಣ್ಣೆ ಬಂದರೆ ನುಂಗಿಕೊಂಡು ಹೋಗುತ್ತಿತ್ತು. ತಿರುವಿನಲ್ಲಿ ಸ್ವಲ್ಪ ವಾಲುತ್ತಿತ್ತು, ಸ್ಟೀರಿಂಗಿಗೆ ಸೋಮಾರಿತನ. ಹಾಗಾಗಿ ನಾನು ಗಿರಾಕಿಯನ್ನು ಮೇಲ್ಸೇತುವೆ ಹತ್ತಿಸಿ ಏರ್‌ಪೋರ್ಟ್ ಕಡೆ ಬಿಡುತ್ತಿದ್ದೆ, ಅವಳು ಸಹಕಾರನಗರದ ಒಳರಸ್ತೆಗಳ ಹಂಪುಗಳ ಮೇಲೆ ಸುತ್ತಿಸುತ್ತಿದ್ದಳು. ಹೊಸಬರು ಇದನ್ನು ನೆನಪಿಡಬೇಕು. ಎದುರಿನವರು ಯಾವ ದಾರಿ ಆರಿಸುತ್ತಾರೆ ಎಂದು ನೋಡಿದರೆ ಅವರ ಗಾಡಿಯ ದೋಷ ತಾನಾಗಿಯೇ ಗೊತ್ತಾಗುತ್ತದೆ.

ಕೆಲವು ಗಿರಾಕಿಗಳು ಎರಡೂ ಗಾಡಿಯನ್ನು ಒಂದೇ ದಿನ ಮನೆಗೇ ತರಿಸಿಕೊಳ್ಳುತ್ತಿದ್ದರು. ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿ, ಮನೆಮಂದಿಯೆಲ್ಲ ಇದರಲ್ಲೊಂದು ಸಲ, ಅದರಲ್ಲೊಂದು ಸಲ ಕೂತು ನೋಡುವುದು. ನಾವು ಅದಕ್ಕೆ ಎದುರುಬದುರು ಎನ್ನುತ್ತಿದ್ದೆವು. ಒಬ್ಬೊಬ್ಬರೇ ಬರುವ ಗಿರಾಕಿಗಳಿಗೆ ನಾನು ಸಾಕಷ್ಟು ಮಾರಿದ್ದೇನೆ, ಆ ವಿಷಯದಲ್ಲಿ ನನಗೆ ಕೊರಗಿಲ್ಲ. ಆದರೆ ಎದುರುಬದುರಿನಲ್ಲಿ ನಸ್ರೀನಳ ಮುಂದೆ ಒಂದು ಸಲವೂ ಗೆದ್ದಿರಲಿಲ್ಲ. ಕೆಲಸದಿಂದ ಇಳಿಯುವುದರೊಳಗೆ ಒಂದೇ ಒಂದು ಸಲ ಗೆಲ್ಲಬೇಕು ಎನ್ನುವುದು ನನ್ನ ಹಠ. ದೇವರ ಮುಂದೆ ದೀಪ ಹಚ್ಚುವಾಗ ಬೇರೆಯವರು ಏನು ಕೇಳಿಕೊಳ್ಳುತ್ತಾರೋ ಗೊತ್ತಿಲ್ಲ, ನಾನು ಇದನ್ನು ಕೇಳಿಕೊಂಡಿದ್ದೂ ಉಂಟು.

ಸೋತ ಕಥೆಗಳಲ್ಲಿ ಎರಡನ್ನು ಹೇಳುತ್ತೇನೆ. ಅಟ್ಟೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಹಲ್ಲಿನ ಡಾಕ್ಟರು. ಎದುರುಬದುರಿಗೆ ಕರೆದಿದ್ದರು. ಹೆಂಡತಿ ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ, ಹಿಂದೆ ಅವರ ಯಜಮಾನರು, ಅತ್ತೆ, ಮಾವ. ಗಾಡಿ ತುಂಬಿದ್ದು ಮರೆತು ನಾನು ಇಂಜಿನ್ನಿನ ಶಕ್ತಿ, ಗೇರಿನ ಸಂಖ್ಯೆ, ಜರ್ಮನಿಯ ರಸ್ತೆಗಳು ಎಂದು ಬಾಯಿಗೆ ಬಿಡುವು ಕೊಡದೆ ವರ್ಣಿಸುತ್ತಿದ್ದೆ. ಲೇಔಟಿನವರು ತಾವೇ ಕಟ್ಟಿಸಿಕೊಂಡ ಒಂದು ಹಂಪು, ಎಮ್ಮೆ ಬೆನ್ನಿನಷ್ಟು ಎತ್ತರ. ಗಾಡಿಯ ಹೊಟ್ಟೆ ಕರ್ರೆಂದು ಉಜ್ಜಿತು. ಆ ಶಬ್ದಕ್ಕೆ ಮಾವನವರು ಕಿವಿ ಮುಚ್ಚಿಕೊಂಡರು. ಅದೇ ಹಂಪಿನ ಮೇಲೆ ನಸ್ರೀನ್ ಡಾಕ್ಟರಮ್ಮನಿಗೆ ಮೆಲ್ಲಗೆ, ಸ್ಟೀರಿಂಗ್ ಸ್ವಲ್ಪ ಓರೆ ಮಾಡಿಕೊಳ್ಳಿ ಎಂದಷ್ಟೇ ಹೇಳಿದಳಂತೆ. ಒಂದೊಂದೇ ಚಕ್ರ ಹತ್ತಿಳಿದು ಗಾಡಿ ಆಚೆ ಹೋಯಿತು. ಹಂಪನ್ನು ಓರೆಯಾಗಿ ಹತ್ತಿಸಬೇಕೆಂದು ನನಗೆ ಗೊತ್ತಿರಲಿಲ್ಲವೇ. ಗೊತ್ತಿತ್ತು. ಹೇಳಲು ಬಾಯಿ ಖಾಲಿ ಇರಲಿಲ್ಲ.

ಇನ್ನೊಬ್ಬರು ಜಾಲಹಳ್ಳಿಯ ನಿವೃತ್ತ ವಾಯುಪಡೆ ಅಧಿಕಾರಿ. ನಮ್ಮ ಏರಿಯಾದವರು, ಈ ಸಲ ನನ್ನದೇ ಎಂದುಕೊಂಡೆ. ಅವರು ಕೇಳಿದ ಪ್ರತಿ ಪ್ರಶ್ನೆಗೂ ಅಂಕಿ ಸಮೇತ ಉತ್ತರ ಕೊಟ್ಟೆ. ಅವರಿಗೆ ತುಂಬ ಖುಷಿಯಾಯಿತು, ಕಾಫಿ ಕುಡಿಸಿದರು, ನಿಮ್ಮಷ್ಟು ತಿಳಿದುಕೊಂಡವರನ್ನು ನೋಡಿಲ್ಲ ಎಂದರು. ಆಮೇಲೆ ನಸ್ರೀನಳ ಗಾಡಿ ಬುಕ್ ಮಾಡಿದರು. ಯಾಕೆಂದು ಫೋನಿನಲ್ಲಿ ಕೇಳಿದರೆ, ಆ ಹುಡುಗಿ ಏನೂ ಹೇಳಲಿಲ್ಲಮ್ಮ, ಓಡಿಸಿ ನೋಡಿ ಸರ್ ಅಂದಳು ಅಷ್ಟೇ, ನನಗೆ ಗಾಡಿಯ ಜೊತೆ ಇರೋದಕ್ಕೆ ಸ್ವಲ್ಪ ಹೊತ್ತು ಸಿಕ್ಕಿತು ಎಂದರು. ಹುಡುಗಿ ಅಂತೆ. ಅವಳು ನನಗಿಂತ ಚಿಕ್ಕವಳೇನಲ್ಲ. ಅವತ್ತು ಮನೆಗೆ ಹೋಗಿ ಊಟ ಮಾಡದೆ ಮಲಗಿದೆ.

ಇಷ್ಟಾದರೂ ನಾವು ಮಾತು ಬಿಟ್ಟವರಲ್ಲ. ಹಬ್ಬಕ್ಕೆ ಅವಳ ಮನೆಯಿಂದ ಶೀರ್‌ಕುರ್ಮಾ ಪಾಯಸ ಬರುತ್ತಿತ್ತು, ನಮ್ಮ ಮನೆಯಿಂದ ಯುಗಾದಿಗೆ ಒಬ್ಬಟ್ಟು ಹೋಗುತ್ತಿತ್ತು. ಅವಳ ಶೀರ್‌ಕುರ್ಮಾ ತಿನ್ನುವಾಗಲೂ, ಇಷ್ಟು ರುಚಿಯಾಗಿ ಮಾಡಲು ಇವಳಿಗೆ ಬಿಡುವೆಲ್ಲಿ ಸಿಗುತ್ತದೆ ಎಂದು ಒಳಗೊಳಗೇ ಉರಿಯುತ್ತಿತ್ತು.

ಈ ನಡುವೆ ಕೆಲಸದ ರೀತಿಯೇ ಬದಲಾಯಿತು. ಮೊದಲೆಲ್ಲ ಗಿರಾಕಿ ಪತ್ರಿಕೆಯ ಒಂದು ತುಣುಕು ಕತ್ತರಿಸಿಕೊಂಡು ಬಂದು, ಇದೇನು ಸ್ವಲ್ಪ ಬಿಡಿಸಿ ಹೇಳಿ ಎನ್ನುತ್ತಿದ್ದ. ಈಗ ಬರುವ ಹುಡುಗರು ಮೊಬೈಲಿನಲ್ಲಿ ಎಲ್ಲ ವಿಡಿಯೋ ನೋಡಿ ಮುಗಿಸಿರುತ್ತಾರೆ. ನಿಂತಲ್ಲಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂಬುದನ್ನು ನಮಗೇ ಪರೀಕ್ಷೆ ಮಾಡುವ ಹಾಗೆ ಕೇಳುತ್ತಾರೆ. ನನ್ನ ಬಾಯಿಪಾಠಕ್ಕೆ ಬೆಲೆ ಹೋಯಿತು. ಎತ್ತರದ ಗಾಡಿಗಳ ಹುಚ್ಚು ಹತ್ತಿ, ಸೆಡಾನ್ ಕೇಳುವವರೇ ಅಪರೂಪವಾದರು. ಮೌನವಾಗಿ ಪಕ್ಕದಲ್ಲಿ ಕೂರುವ ವಿದ್ಯೆ ಮಾತ್ರ ಹಳೆಯದಾಗಲಿಲ್ಲ, ಅದು ನಸ್ರೀನಳ ಹತ್ತಿರ ಇತ್ತು. ಕಾಲವೂ ಅವಳ ಪಕ್ಷವೇ ವಹಿಸಿತಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ನಾನು ನಿವೃತ್ತಿಯಾಗುವ ತಿಂಗಳು ಬಾಗಲೂರಿನಿಂದ ಕರೆ ಬಂತು. ಹಳೆಯ ಮನೆತನ, ಊರಿನಲ್ಲೇ ಕಲ್ಯಾಣ ಮಂಟಪ ನಡೆಸುತ್ತಿದ್ದರು. ಮೊಮ್ಮಗ ಮಂಜುನಾಥನಿಗೆ ಸ್ಪೋರ್ಟ್ ಸೆಡಾನ್ ಬೇಕು. ಆದರೆ ಮನೆಗೆ ಬರುವ ಗಾಡಿಯಲ್ಲಿ ಮೊದಲು ಕೂರುವುದು ಅಜ್ಜಿ ಮುನಿಯಮ್ಮ. ಅವರು ಕೂತು ಸರಿ ಎಂದರೆ ಮಾತ್ರ ಗಾಡಿ ಒಳಗೆ ಬರುವುದು, ಇದು ಆ ಮನೆಯ ಪದ್ಧತಿ. ಎರಡೂ ಗಾಡಿ ತನ್ನಿ ಎಂದಿದ್ದರು. ಇದೇ ನನ್ನ ಕೊನೆಯ ಎದುರುಬದುರು ಎಂದು ಗೊತ್ತಿತ್ತು.

ಅಜ್ಜಿಯ ಸೊಂಟ, ಬಾಗಲೂರಿನ ರಸ್ತೆ, ನನ್ನ ಬಿಗಿ ಗಾಡಿ. ಯೋಚಿಸಿದರೆ ಸೋಲು ಎದುರಿಗೇ ನಿಂತಿತ್ತು. ಆಗ ರಾಜಗೋಪಾಲ್ ಸರ್ ನೆನಪಾದರು. ಕೋಗಿಲು ಕ್ರಾಸಿನ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ಸ್ವಲ್ಪ ಇಳಿಸಿದೆ. ಈಗಿನ ಗಾಡಿಗಳು ಚಾಡಿ ಹೇಳುತ್ತವೆ, ಗಾಳಿ ಕಡಿಮೆಯಾದರೆ ಎದುರಿನ ಪರದೆಯಲ್ಲಿ ಹಳದಿ ದೀಪ ಹತ್ತುತ್ತದೆ. ಇದೇ ಸರಿಯಾದ ಗಾಳಿ ಎಂದು ಗಾಡಿಗೆ ಒಪ್ಪಿಸುವ ಬಟನ್ನೂ ಇರುತ್ತದೆ. ಅದನ್ನು ಒತ್ತಿ, ಇನ್ನೊಂದು ಬಟನ್ನಿನಿಂದ ಗಾಡಿಯನ್ನು ಮೆತ್ತನೆಯ ಓಟದ ಕಂಫರ್ಟ್ ಮೋಡಿಗೆ ಹಾಕಿ ಹೊರಟೆ. ಗಾಡಿ ಮೆತ್ತಗೆ ತೇಲತೊಡಗಿತು. ನನ್ನದೇ ಗಾಡಿ ಎಂದು ನನಗೇ ನಂಬಿಕೆ ಬರಲಿಲ್ಲ.

ಮಂಟಪದ ಮುಂದಿನ ಅಂಗಳಕ್ಕೆ ನಸ್ರೀನ್ ಆಗಲೇ ಬಂದಿದ್ದಳು. ಮಂಜುನಾಥ ಎರಡೂ ಗಾಡಿಯನ್ನು ಒಂದೇ ದಾರಿಯಲ್ಲಿ ಓಡಿಸಿದ. ಊರ ಬಾಗಿಲಿನಿಂದ ಕೆರೆ ಕಡೆಯ ತಿರುವಿನವರೆಗೆ ಹೋಗಿ ಬರುವುದು, ಹಿಂದೆ ಅಜ್ಜಿ, ಪಕ್ಕದಲ್ಲಿ ಗಾಡಿ ತಂದವರು. ನನ್ನ ಸರದಿಯಲ್ಲಿ ನಾನು ಜೀವಮಾನದಲ್ಲಿ ಮೊದಲ ಸಲ ತುಟಿ ಬಿಚ್ಚಲಿಲ್ಲ. ಬಾಯಿಬಿಟ್ಟರೆ ಗಾಳಿಯ ವಿಷಯವೇ ಹೊರಬಿದ್ದೀತೆಂಬ ಭಯ. ತಿರುವಿನಲ್ಲಿ ಮಂಜುನಾಥ ಹುಬ್ಬು ಗಂಟಿಕ್ಕಿದ, ಸ್ಟೀರಿಂಗ್ ಯಾಕೋ ತಡವಾಗಿ ಕೇಳುತ್ತದೆ ಎಂದ. ನಾನು ಕಿಟಕಿಯ ಕಡೆ ನೋಡಿದೆ. ಹಿಂದಿನಿಂದ ಅಜ್ಜಿ ಹಾಯಾಗಿ ಉಸಿರು ಬಿಟ್ಟದ್ದು ಕೇಳಿಸಿತು.

ಆಮೇಲೆ ನಸ್ರೀನಳ ಗಾಡಿ ಹೊರಟಿತು. ಮೊದಲ ಹಂಪಿನಲ್ಲೇ ಅದು ಜಿಗಿದದ್ದು ನನಗೆ ಅಂಗಳದಿಂದಲೇ ಕಂಡಿತು. ವಾಪಸು ಬಂದಾಗ ಮಂಜುನಾಥನ ಮುಖ ಅರಳಿತ್ತು, ಅಜ್ಜಿ ಸೊಂಟ ಹಿಡಿದುಕೊಂಡು ಇಳಿದರು. ಡೆಮೋ ಗಾಡಿ ಹಳೆಯದಾಗಿ ಸ್ಪ್ರಿಂಗ್ ಹೋಗಿರಬೇಕೆಂದುಕೊಂಡೆ. ಯಾಕಾದರೂ ಆಗಲಿ, ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಮುಚ್ಚಿಕೊಳ್ಳಲು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ.

ಅಜ್ಜಿ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ನನ್ನ ಗಾಡಿಯ ಕಡೆ ಕೈ ತೋರಿಸಿದರು. “ಅದೇ ಇರ್ಲಿ. ಆಸ್ಗೆ ಮೇಲ್ ಕುಂತಂಗೈತೆ.” ಮೊಮ್ಮಗ ನಸ್ರೀನಳ ಗಾಡಿಯ ಕಡೆ ಇನ್ನೊಮ್ಮೆ ನೋಡಿದ. ನಸ್ರೀನ್ ನನ್ನ ಕೈಕುಲುಕಿ, ನಿವೃತ್ತಿಗೆ ಒಳ್ಳೆ ಉಡುಗೊರೆ ಸಿಕ್ಕಿತು ಎಂದಳು. ಅವಳ ಮುಖದಲ್ಲಿ ಸ್ವಲ್ಪವಾದರೂ ಹೊಟ್ಟೆಯುರಿ ಕಾಣುತ್ತದೆಯೇ ಎಂದು ಹುಡುಕಿದೆ. ಕಾಣಲಿಲ್ಲ, ಅದರಿಂದ ಗೆಲುವಿನ ರುಚಿ ಕಾಲು ಭಾಗ ಕಡಿಮೆಯಾಯಿತು.

ಹೊಸ ಗಾಡಿ ಬಂದ ದಿನ ಅದನ್ನು ಮಂಟಪದ ಮುಂದೆ ನಿಲ್ಲಿಸಿ ಪೂಜೆ ಮಾಡಿದರು. ಕುಂಬಳಕಾಯಿ ಒಡೆದರು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಪದ್ಧತಿಯಂತೆ ಅಜ್ಜಿ ಹಿಂದಿನ ಸೀಟಿನಲ್ಲಿ ಕೂತರು, ನಾನು ಮುಂದೆ, ಮಂಜುನಾಥ ಸ್ಟೀರಿಂಗಿನಲ್ಲಿ. ನಮ್ಮ ವರ್ಕ್‌ಶಾಪಿನವರು ಹೊಸ ಗಾಡಿಗೆ ಕಂಪನಿ ಹೇಳಿದಷ್ಟು ಗಾಳಿ ತುಂಬಿಯೇ ಕಳಿಸುತ್ತಾರೆ. ನಿಂಬೆಹಣ್ಣು ಚಪ್ಪಟೆಯಾದದ್ದು ನನ್ನ ಪಾದಕ್ಕೇ ತಿಳಿಯಿತು. ಅಷ್ಟು ಬಿಗಿ. ಮೊದಲ ಹಂಪು ದಾಟಿತು. ಅಜ್ಜಿ ಹಿಂದಿನಿಂದ ನನ್ನ ಭುಜ ತಟ್ಟಿದರು.

“ಏನವ್ವಾ, ಗಾಡಿ ಬದ್ಲಾಗೈತಾ? ಇದು ಆ ಇನ್ನೊಂದ್ ಅಮ್ಮ ತಂದಿತ್ತಲ್ಲ, ಅದು. ಅದೇ ಇಂಗೆ ಎತ್ತಾಕ್ತಿದ್ದಿದ್ದು.”

ಗಾಡಿ ಇದೇ ಅಜ್ಜಿ, ಅವತ್ತು ಟೈರಿನಲ್ಲಿ ಗಾಳಿ ಕಡಿಮೆ ಇತ್ತು, ಅದಕ್ಕೆ ಮೆತ್ತಗಿತ್ತು ಎಂದು ಇದ್ದದ್ದನ್ನೇ ಹೇಳಿದೆ. ಬೇಡ ಎಂದರೆ ವಾಪಸು ತೆಗೆದುಕೊಂಡು ಹೋಗುವಂತೆ ನಮ್ಮ ಮ್ಯಾನೇಜರನ್ನು ನಾನೇ ಕೇಳುತ್ತೇನೆ ಎಂದೂ ಹೇಳಿದೆ. ಕೊನೆಯ ಗೆಲುವು ಕೈಜಾರಿತೆಂದು ಕಣ್ಣು ತುಂಬಿಬಂತು. ಮಂಜುನಾಥ ಗಾಡಿಯನ್ನು ಬದಿಗೆ ನಿಲ್ಲಿಸಿದ. ಅವನು ನಗುತ್ತಿದ್ದ.

“ಬೇಜಾರ್ ಮಾಡ್ಕೋಬೇಡಿ ಮೇಡಂ. ಅವತ್ತು ನಂಗ್ ಹಿಡಿಸಿದ್ದು ಆ ಮೇಡಂ ಗಾಡೀನೇ. ಅಜ್ಜಿ ಮಾತಿಗೆ ನಿಮ್ದು ತಗೊಂಡೆ. ಈಗ್ ಓಡಿಸಿದ್ರೆ ಇದೂ ಥೇಟ್ ಅವರ್ ಗಾಡಿ ಥರಾನೇ ಇದೆ. ನಾನಂತೂ ವಾಪಸ್ ಕೊಡಲ್ಲ.”

ಅಜ್ಜಿಯನ್ನು ಮುಂದಿನ ಸೀಟಿಗೆ ಕೂರಿಸಿ, ಸೀಟಿನ ಬೆನ್ನನ್ನು ಹಿಂದಕ್ಕೆ ಬಾಗಿಸಿಕೊಟ್ಟೆ. ಇನ್ನೊಂದು ಸುತ್ತು ಹೋಗಿ ಬಂದು, ಇಲ್ಲಿ ಕುಂತರೆ ತೊಂದರೆ ಇಲ್ಲ, ಹಿಂದೆ ಬೇಕಾದವರು ಕುಂತುಕೊಳ್ಳಲಿ ಎಂದು ಅವರು ತೀರ್ಮಾನ ಕೊಟ್ಟರು. ಗಾಡಿ ಆ ಮನೆಯಲ್ಲೇ ಉಳಿಯಿತು. ಅಜ್ಜಿ ಈಗಲೂ ಮುಂದಿನ ಸೀಟಿನಲ್ಲೇ ಕೂತು ಯಲಹಂಕಕ್ಕೆ ಹೋಗಿಬರುತ್ತಾರಂತೆ.

ನಾನು ಅವತ್ತು ಬಸ್ಸಿನಲ್ಲಿ ಜಾಲಹಳ್ಳಿಗೆ ಬರುವಾಗ ದಾರಿಯುದ್ದಕ್ಕೂ ಕುದಿಯುತ್ತಿದ್ದೆ. ಇಷ್ಟು ವರ್ಷಕ್ಕೆ ಗೆದ್ದದ್ದು ಒಂದು ಸಲ. ಅದರಲ್ಲೂ ಅಜ್ಜಿ ನನ್ನ ಗಾಡಿಯನ್ನು ನಸ್ರೀನಳದು ಎಂದು ಬೈದರು. ಮೊಮ್ಮಗ ನನ್ನ ಗಾಡಿಯನ್ನು ನಸ್ರೀನಳದರ ಹಾಗಿದೆ ಎಂದು ಹೊಗಳಿದ. ಬೈಗುಳವೂ ಅವಳಿಗೆ, ಹೊಗಳಿಕೆಯೂ ಅವಳಿಗೆ. ನನ್ನ ಹೆಸರಿಗೆ ಬಂದದ್ದು ರಶೀದಿಯ ಕೆಳಗಿನ ಸಹಿ ಮಾತ್ರ.

ನಿವೃತ್ತಿಯ ನಂತರ ಒಂದು ಭಾನುವಾರ ನಸ್ರೀನ್ ಆರ್.ಟಿ. ನಗರದ ಮನೆಗೆ ಕರೆದಳು. ಚಹಾ ಕುಡಿಯುತ್ತ, ಬಾಗಲೂರಿನ ಗಾಡಿ ಹೇಗಿದೆ ಎಂದು ಕೇಳಿದಳು. ತಡೆಯಲಾಗದೆ ಗಾಳಿ ಇಳಿಸಿದ್ದರಿಂದ ಹಿಡಿದು ಅಜ್ಜಿ ಭುಜ ತಟ್ಟಿದ್ದರವರೆಗೆ ಎಲ್ಲ ಹೇಳಿದೆ. ನಸ್ರೀನ್ ಕಪ್ಪನ್ನು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಳಗಿನಿಂದ ಅವಳ ಸೊಸೆ ಏನಾಯಿತೆಂದು ಬಂದು ನೋಡಿದಳು.

ನಗು ನಿಂತ ಮೇಲೆ ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡು ಹೇಳಿದಳು. “ಅರೆ ಶ್ಯಾಮಲಾ, ನಾನೂ ಅವತ್ತು ಗಾಳಿ ಏರಿಸ್ಕೊಂಡ್ ಬಂದಿದ್ದೆ ಕಣೇ. ನಿನ್ ಗಾಡಿ ಸ್ಟೀರಿಂಗ್ ಮೇಲೆ ನಂಗೆ ಮೊದಲಿಂದ್ಲೂ ಹೊಟ್ಟೆಕಿಚ್ಚು. ನಿನ್ನ ಕೊನೇ ಎದುರುಬದುರು ಅಂತ ಗೊತ್ತಿತ್ತಲ್ಲ, ಒಂದಿನ ಆದ್ರೂ ನನ್ ಗಾಡಿ ನಿನ್ ಗಾಡಿ ಥರ ಓಡ್ಲಿ ಅನ್ನಿಸ್ತು.”

ಅಂದರೆ ಬಾಗಲೂರಿನಲ್ಲಿ ಅವಳು ತಂದದ್ದು ನನ್ನ ಗಾಡಿ, ನಾನು ತಂದದ್ದು ಅವಳ ಗಾಡಿ. ಅಜ್ಜಿ ಮೆಚ್ಚಿದ್ದು ಅವಳದನ್ನು, ಮಂಜುನಾಥ ಮೆಚ್ಚಿದ್ದು ನನ್ನದನ್ನು. ಗೆದ್ದವರು ಯಾರು ಎಂದು ನಾನು ಇನ್ನೂ ಲೆಕ್ಕ ಹಾಕುತ್ತಲೇ ಇದ್ದೇನೆ.

ಹೊಸಬರು ಕೇಳಬಹುದು, ಅವಳಿಗೂ ನಿಮ್ಮ ಮೇಲೆ ಹೊಟ್ಟೆಕಿಚ್ಚಿತ್ತು ಎಂದು ಗೊತ್ತಾದ ಮೇಲಾದರೂ ಮನಸ್ಸು ತಣ್ಣಗಾಯಿತಲ್ಲವೇ ಎಂದು. ಒಂದು ಕ್ಷಣ ಆಯಿತು, ಸುಳ್ಳು ಹೇಳುವುದಿಲ್ಲ. ಚಹಾ ಅಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ ಅನ್ನಿಸಿತು. ಆದರೆ ಮನೆಗೆ ಹೊರಡುವಾಗ ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಾ ನೆನಪಾಯಿತು. ಯಶವಂತಪುರದ ಹಿತ್ತಲಿನಿಂದ ಇವತ್ತಿನವರೆಗೆ ನಾನು ಒಂದು ಸಲವೂ ಅವಳ ಮುಂದೆ ಬಾಯಿಬಿಟ್ಟು ಹೇಳಲಾಗದೆ ಇದ್ದ ಮಾತನ್ನು, ಅವಳು ಚಹಾ ಕುಡಿಯುತ್ತ, ನಗುತ್ತ, ಒಂದೇ ಸಲಕ್ಕೆ ಹೇಳಿ ಮುಗಿಸಿದ್ದಳು. ಬಸ್ಸು ಹತ್ತುವ ಹೊತ್ತಿಗೆ ಅದಕ್ಕೂ ನನಗೆ ಹೊಟ್ಟೆಕಿಚ್ಚಾಗಿತ್ತು.